ಬಾಯಿಯೊಂದೇ ಬಾಗಿಲು: ಬೇಸಿಗೆಯಲ್ಲಿ ಸಾಕುಪ್ರಾಣಿಗಳ ಮೈ ಕಾವೇರುವುದೇಕೆ, ತಣಿಸುವುದು ಹೇಗೆ

ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ 40 ಡಿಗ್ರಿ ದಾಟುವ ಬಿಸಿಲು ಹೊಸದಲ್ಲ. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು; 2024ರ ಏಪ್ರಿಲ್ ಕೊನೆಗೆ ಮತ್ತೆ 38 ಡಿಗ್ರಿ ದಾಟಿತು. ಇಂಥ ದಿನಗಳಲ್ಲಿ ನಾಯಿಯನ್ನು ಎತ್ತಿಕೊಂಡು ಪಶುವೈದ್ಯರ ಬಳಿಗೆ ಓಡುವವರು ಹೇಳುವ ಮಾತು ಬಹುಮಟ್ಟಿಗೆ ಒಂದೇ: "ನೀರು ಇಟ್ಟಿದ್ದೆವು, ಫ್ಯಾನೂ ಹಾಕಿದ್ದೆವು, ಆದರೂ ಹೀಗಾಯಿತು." ಅವರು ಅಲಕ್ಷ್ಯ ಮಾಡಿದವರಲ್ಲ, ನಮ್ಮ ಮೈ ತಣಿಯುವ ಹಾಗೆಯೇ ನಾಯಿಯ ಮೈಯೂ ತಣಿಯುತ್ತದೆ ಎಂದು ನಂಬಿದವರು. ಆ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದು ತಿಳಿದರೆ, ಏನು ಮಾಡಬೇಕು, ಏನು ಮಾಡಬಾರದು ಎಂಬ ಉಳಿದ ಪ್ರಶ್ನೆಗಳಿಗೆ ಉತ್ತರ ಅದರಿಂದಲೇ ಸಿಗುತ್ತದೆ.

ಮಡಕೆಯ ನೀರೂ ನಾಯಿಯ ನಾಲಿಗೆಯೂ

ಮಣ್ಣಿನ ಮಡಕೆಯಲ್ಲಿಟ್ಟ ನೀರು ತಂಪಾಗುವುದನ್ನು ಎಲ್ಲರೂ ಬಲ್ಲರು. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಹೊರಗೆ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಮಡಕೆಯಿಂದಲೇ ಎಳೆದುಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಹೀಗೆ ಎಳೆದುಕೊಳ್ಳುವ ಶಾಖ ಕಡಿಮೆಯದಲ್ಲ. ಒಂದು ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು 1 ಕ್ಯಾಲೊರಿ ಸಾಕು, ಆದರೆ ಮೈಮೇಲಿನ ಒಂದು ಗ್ರಾಂ ಬೆವರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ. ಮನುಷ್ಯನ ಇಡೀ ಚರ್ಮವೇ ಇಂಥದೊಂದು ಮಡಕೆ. ತಲೆಯಿಂದ ಅಂಗಾಲಿನವರೆಗೆ ನಾವು ಬೆವರುತ್ತೇವೆ, ಫ್ಯಾನಿನ ಗಾಳಿ ಆ ಬೆವರನ್ನು ಬೇಗ ಆರಿಸುತ್ತದೆ, ನಮಗೆ ಹಾಯೆನಿಸುತ್ತದೆ.

ನಾಯಿಗೆ ಈ ಸೌಕರ್ಯವಿಲ್ಲ. ಅದು ಮೈ ತಣಿಸಿಕೊಳ್ಳುವಂಥ ಬೆವರನ್ನು ಸುರಿಸುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ, ಅದೂ ಅತ್ಯಲ್ಪ; ಉಳಿದ ಮೈಯೆಲ್ಲ ಕೂದಲು. ಆದ್ದರಿಂದ ಅದು ತನ್ನ ಒದ್ದೆಯಾದ ನಾಲಿಗೆಯನ್ನು, ಬಾಯಿಯ ಒಳಗೋಡೆಯನ್ನು, ಮೂತಿಯೊಳಗೆ ಸುರುಳಿ ಸುತ್ತಿಕೊಂಡಿರುವ ತೆಳುವಾದ ತೇವದ ಪೊರೆಗಳನ್ನು ಮಡಕೆಯಾಗಿ ಬಳಸುತ್ತದೆ. ವಿಶ್ರಾಂತಿಯಲ್ಲಿರುವ ನಾಯಿ ನಿಮಿಷಕ್ಕೆ 15ರಿಂದ 30 ಬಾರಿ ಉಸಿರಾಡಿದರೆ, ಏದುಸಿರು ಬಿಡುವಾಗ ಆ ಸಂಖ್ಯೆ 300ನ್ನೂ ಮೀರಬಹುದು. ಪ್ರತಿ ಉಸಿರೂ ಒಂದಿಷ್ಟು ತೇವವನ್ನು ಆವಿ ಮಾಡಿ, ಅದರೊಂದಿಗೆ ಒಂದಿಷ್ಟು ಶಾಖವನ್ನು ಹೊರಗೆ ಸಾಗಿಸುತ್ತದೆ. ಮೈಯೆಂಬ ಮನೆಯ ಬಿಸಿಯೆಲ್ಲ ಮುಖ್ಯವಾಗಿ ಈ ಒಂದೇ ಕಿರಿದಾದ ಬಾಗಿಲಿನಿಂದ ಹೊರಬೀಳಬೇಕು.

ಫ್ಯಾನ್ ಹಾಕಿಯೂ ಹೀಗಾಯಿತಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ತೇವವನ್ನು ಆರಿಸುತ್ತದೆ. ಒಣಗಿದ ಕೂದಲಿನ ಮೇಲೆ ಆರಿಸಲು ಏನೂ ಇಲ್ಲದಿರುವುದರಿಂದ, ಕಾದ ಕೋಣೆಯಲ್ಲಿ ಫ್ಯಾನಿನ ಅಡಿ ಮಲಗಿದ ನಾಯಿಗೆ ನಮಗೆ ಸಿಗುವ ತಂಪಿನ ಅಲ್ಪಭಾಗ ಮಾತ್ರ ಸಿಗುತ್ತದೆ. ಅದೇ ನಾಯಿಯ ಹೊಟ್ಟೆ, ತೊಡೆಯ ಸಂದು, ಪಾದಗಳನ್ನು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ ಫ್ಯಾನ್ ಹಾಕಿದರೆ, ಅದರ ಚರ್ಮವೂ ನಮ್ಮ ಚರ್ಮದಂತೆ ಮಡಕೆಯಾಗುತ್ತದೆ.

ಶಾಖ ಹೊರಹೋಗಲು ಇನ್ನೊಂದು ಸಣ್ಣ ದಾರಿ ನೆಲದ ಮೂಲಕ. ಬಿಸಿ ಹಾಲಿನ ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು ಆರಿಸುವ ಹಾಗೆ, ಪ್ರಾಣಿ ತನ್ನ ಮೈಯ ಬಿಸಿಯನ್ನು ತಣ್ಣನೆಯ ನೆಲಕ್ಕೆ ದಾಟಿಸುತ್ತದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾಯಿ ಎಲ್ಲಿ ಮಲಗಿದೆ ಎಂದು ಗಮನಿಸಿದರೆ ಇದು ತಿಳಿಯುತ್ತದೆ. ತನಗೆಂದು ಹಾಸಿದ ಮೆತ್ತನೆಯ ಹಾಸಿಗೆಯನ್ನು ಬಿಟ್ಟು, ಬಚ್ಚಲುಮನೆಯ ಹೊಸ್ತಿಲಿಗೋ ಹಳೆಯ ಗಾರೆ ನೆಲಕ್ಕೋ ಹೋಗಿ, ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಕೂದಲು ತೆಳುವಾಗಿರುವ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಬಿದ್ದಿರುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಒದ್ದೆ ಮಣ್ಣನ್ನು ಮುಂಗಾಲಿನಿಂದ ಕೆರೆದು, ಮೇಲಿನ ಬಿಸಿ ಪದರ ಸರಿಸಿ, ಕೆಳಗಿನ ತಂಪಿನಲ್ಲಿ ಸುರುಳಿಯಾಗುವ ನಾಯಿ ತೋಟ ಕೆಡಿಸುತ್ತಿದೆ ಎಂದು ಗದರುವವರಿದ್ದಾರೆ. ಅದು ತನ್ನ ಜೀವ ಉಳಿಸಿಕೊಳ್ಳುವ ಕೆಲಸದಲ್ಲಿರುತ್ತದೆ. ಬೇಸಿಗೆಯ ಎರಡು ತಿಂಗಳಾದರೂ ಆ ಜಾಗವನ್ನು ಅದಕ್ಕೇ ಬಿಡಬೇಕು.

ಧಗೆ ಬೇರೆ, ಸೆಕೆ ಬೇರೆ

ಬಯಲುಸೀಮೆಯ ಒಣ ಬಿಸಿಗೆ ನಾವು ಧಗೆ ಎನ್ನುತ್ತೇವೆ. ಕರಾವಳಿಯ ಬೆವರು ಹರಿಸುವ ಬಿಸಿಗೆ ಸೆಕೆ ಎನ್ನುತ್ತೇವೆ. ಭಾಷೆ ಮಾಡಿರುವ ಈ ವ್ಯತ್ಯಾಸ ಸಾಕುಪ್ರಾಣಿಗಳ ವಿಷಯದಲ್ಲಿ ಬಹಳ ಮುಖ್ಯ.

ನಾಯಿಯ ಸಹಜ ದೇಹೋಷ್ಣ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಎಂದರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕಲಬುರಗಿಯ 42 ಡಿಗ್ರಿಯ ಮಧ್ಯಾಹ್ನದಲ್ಲಿ ಹೊರಗಿನ ಗಾಳಿಯೇ ನಾಯಿಯ ಮೈಗಿಂತ ಬಿಸಿಯಾಗಿರುತ್ತದೆ. ಶಾಖ ಹೊರಕ್ಕೆ ಹೋಗುವುದರ ಬದಲು ಒಳಕ್ಕೆ ಹರಿಯುತ್ತದೆ. ಉಳಿಯುವ ದಾರಿ ಆವಿಯೊಂದೇ. ಒಣ ಗಾಳಿಯಲ್ಲಿ ಆವಿ ಬೇಗ ಏಳುವುದರಿಂದ ಏದುಸಿರು ಕೆಲಸ ಮಾಡುತ್ತದೆ, ಆದರೆ ಅಷ್ಟೇ ಬೇಗ ಮೈಯ ನೀರು ಬತ್ತುತ್ತದೆ. ಇಲ್ಲಿ ನೆರಳು, ಮೇಲಿಂದ ಮೇಲೆ ನೀರು, ಕಿಟಕಿಗೆ ಕಟ್ಟಿದ ನೆನೆಸಿದ ಗೋಣಿಚೀಲ, ಏರ್ ಕೂಲರ್ ಎಲ್ಲವೂ ಫಲ ಕೊಡುತ್ತವೆ.

ಮಂಗಳೂರಿನಲ್ಲಿ ಉಷ್ಣಾಂಶ 34 ಡಿಗ್ರಿ ಇದ್ದರೂ ಕಥೆ ಬೇರೆ. ಅಲ್ಲಿನ ಗಾಳಿ ಆಗಲೇ ತೇವದಿಂದ ತುಂಬಿರುತ್ತದೆ. ಹಗ್ಗದ ಮೇಲೆ ಹಾಕಿದ ಬಟ್ಟೆ ಬೇಗ ಒಣಗದ ಊರಿನಲ್ಲಿ ನಾಯಿಯ ನಾಲಿಗೆಯ ತೇವವೂ ಬೇಗ ಆರುವುದಿಲ್ಲ. ನಾಯಿ ಇನ್ನೂ ವೇಗವಾಗಿ ತೇಕುತ್ತದೆ. ಹಾಗೆ ತೇಕುವುದು ಕೂಡ ಸ್ನಾಯುಗಳ ಕೆಲಸವೇ ಆದ್ದರಿಂದ ಅದರಿಂದಲೂ ಶಾಖ ಹುಟ್ಟುತ್ತದೆ. ಹೀಗಾಗಿ ಹವಾಮಾನ ವರದಿಯಲ್ಲಿ ಉಷ್ಣಾಂಶದ ಅಂಕಿ ಚಿಕ್ಕದಿದೆಯೆಂದು ಕರಾವಳಿಯವರು ನೆಮ್ಮದಿಯಿಂದ ಇರಬಾರದು. ಅಲ್ಲಿ ಮುಖ್ಯವಾದದ್ದು ಗಾಳಿಯಾಡುವ ಜಾಗ ಮತ್ತು ಓಡಾಟವನ್ನು ತಗ್ಗಿಸುವುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಏರ್ ಕೂಲರ್ ಹಚ್ಚಿದರೆ ತೇವ ಇನ್ನಷ್ಟು ಹೆಚ್ಚುತ್ತದೆ.

ಬಾಗಿಲು ಯಾರಿಗೆ ಕಿರಿದು

ಪಗ್, ಬುಲ್‌ಡಾಗ್, ಶಿಟ್ಜು, ಬಾಕ್ಸರ್ ಮೊದಲಾದ ಚಪ್ಪಟೆ ಮುಖದ ನಾಯಿಗಳಲ್ಲಿ ಮನುಷ್ಯರು ತಲೆಮಾರುಗಳಿಂದ ಮೂತಿಯನ್ನು ಗಿಡ್ಡ ಮಾಡುತ್ತ ಬಂದಿದ್ದಾರೆ. ಹೊರಗಿನ ಮೂತಿ ಕುಗ್ಗಿತು, ಆದರೆ ಒಳಗಿನ ಮೃದು ಅಂಗುಳ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ; ಅದು ಗಂಟಲಿಗೆ ಅಡ್ಡವಾಗುತ್ತದೆ, ಮೂಗಿನ ಹೊಳ್ಳೆಗಳೂ ಸೀಳಿನಷ್ಟು ಕಿರಿದಾಗಿರುತ್ತವೆ. ಮಲಗಿದಾಗ ಪಗ್ ಗೊರಕೆ ಹೊಡೆಯುವುದನ್ನು ಮುದ್ದೆಂದು ಭಾವಿಸುವ ನಾವು, ಅದು ಇಕ್ಕಟ್ಟಾದ ಉಸಿರುದಾರಿಯ ಸದ್ದು ಎಂಬುದನ್ನು ಮರೆಯುತ್ತೇವೆ. ಇಂಥ ನಾಯಿಗೆ 30 ಡಿಗ್ರಿಯ ಸಂಜೆಯೂ ಕಷ್ಟದ್ದೇ.

ಬೊಜ್ಜು ಬೆಳೆದ ನಾಯಿ, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ನಾಯಿ, ವಯಸ್ಸಾದ ನಾಯಿ ಮತ್ತು ಎಳೆ ಮರಿಗಳೂ ಇದೇ ಸಾಲಿನವು. ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಗಂಟಲಿನ ಸ್ನಾಯು ನಿತ್ರಾಣವಾಗಿ ಉಸಿರುದಾರಿ ಪೂರ್ತಿ ತೆರೆಯದಿರುವುದುಂಟು. ಬೊಗಳುವ ಧ್ವನಿ ಒಡೆದಂತೆ ಬದಲಾಗಿದ್ದರೆ ಬೇಸಿಗೆಗೆ ಮೊದಲೇ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹಸ್ಕಿಯಂಥ ಚಳಿನಾಡಿನ ತಳಿಗಳಿಗೆ ಎರಡು ಪದರದ ಕೂದಲಿರುತ್ತದೆ. ಸೆಕೆಯಾಗುತ್ತದೆಂದು ಅದನ್ನು ಬುಡದವರೆಗೆ ಬೋಳಿಸಿದರೆ ಚರ್ಮ ನೇರವಾಗಿ ಬಿಸಿಲಿಗೆ ಸಿಕ್ಕಿ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬೆಳೆಯದೆಯೂ ಇರಬಹುದು. ಬೋಳಿಸುವ ಬದಲು ಉದುರುತ್ತಿರುವ ಒಳಪದರವನ್ನು ದಿನವೂ ಬಾಚಿ ತೆಗೆದರೆ ಗಾಳಿ ಚರ್ಮದವರೆಗೆ ಹೋಗುತ್ತದೆ. ಬಯಲುಸೀಮೆಯ ಊರಿಗೆ ಹಸ್ಕಿ ಮರಿಯನ್ನು ತರಬೇಕೆನ್ನುವವರು ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ತಮ್ಮ ಮನೆ ಹೇಗಿರುತ್ತದೆ ಎಂದು ಮೊದಲು ನೆನೆಯಬೇಕೆಂಬುದು ನನ್ನ ಗಟ್ಟಿ ಅನಿಸಿಕೆ.

ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮೈಕಟ್ಟು ಇದಕ್ಕೆ ತದ್ವಿರುದ್ಧ. ಉದ್ದ ಮೂತಿ, ಗಿಡ್ಡ ಕೂದಲು, ಕೊಬ್ಬಿಲ್ಲದ ತೆಳು ಮೈ, ನೀಳವಾದ ಕಾಲುಗಳು ಎಲ್ಲವೂ ಶಾಖವನ್ನು ಹೊರಹಾಕಲು ಅನುಕೂಲವಾದವೇ. ಆದರೂ ಅದು ಬಿಸಿಲಿಗೆ ಜಗ್ಗದ ಪ್ರಾಣಿಯಲ್ಲ. ಓಡುವಾಗ ಸ್ನಾಯುಗಳಲ್ಲಿ ಹುಟ್ಟುವ ಶಾಖ ಅಪಾರ. ನಡು ಮಧ್ಯಾಹ್ನ ಹೊಲದಲ್ಲಿ ಓಡಿಸಿದರೆ ಮುಧೋಳವೂ ಕುಸಿಯುತ್ತದೆ.

ದಿನಚರಿಯಲ್ಲಿ ಎಡವುವ ಜಾಗಗಳು

ಕೂತಲ್ಲಿ ಬಿಸಿಲು ಬಡಿಯುವುದರಿಂದಲೇ ನಾಯಿಗೆ ಅಪಾಯ ಎಂದುಕೊಳ್ಳುತ್ತೇವೆ. ಆದರೆ 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಶುವೈದ್ಯ ದಾಖಲೆಗಳ ಅಧ್ಯಯನದಲ್ಲಿ, ಬಿಸಿಯಿಂದ ಅಸ್ವಸ್ಥವಾದ ನಾಯಿಗಳ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಭಾಗಕ್ಕೆ ಕಾರಣ ನಡಿಗೆ, ಓಟ, ಆಟಗಳ ಶ್ರಮವಾಗಿತ್ತು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ವಾಡಿಕೆಯಿದೆ. ನಾಯಿಯ ವಾಯುವಿಹಾರದ ವೇಳೆಯನ್ನೂ ಹಾಗೆಯೇ ಬದಲಿಸಬೇಕು. ಬೆಳಗ್ಗೆ ಏಳರೊಳಗೆ ಮುಗಿಸುವುದು ಉತ್ತಮ. ಸಂಜೆ ಸೂರ್ಯ ಇಳಿದ ಮಾತ್ರಕ್ಕೆ ರಸ್ತೆ ಆರಿರುವುದಿಲ್ಲ. ಡಾಂಬರು ಹಗಲೆಲ್ಲ ಶಾಖವನ್ನು ಕುಡಿದು ಗಾಳಿಗಿಂತ 20 ಡಿಗ್ರಿಗೂ ಹೆಚ್ಚು ಬಿಸಿಯಾಗಿರಬಹುದು. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಏಳು ಸೆಕೆಂಡು ಇಟ್ಟು ನೋಡಬೇಕು. ನಮಗೆ ತಡೆಯಲಾಗದಿದ್ದರೆ ಚಪ್ಪಲಿಯಿಲ್ಲದ ಆ ನಾಲ್ಕು ಪಾದಗಳಿಗೂ ತಡೆಯಲಾಗದು.

ಎರಡನೆಯದು ಕಟ್ಟಿಹಾಕುವುದು. ಬೆಳಗ್ಗೆ ಒಂಬತ್ತಕ್ಕೆ ಗೋಡೆಯ ನೆರಳಿನಲ್ಲಿ ಕಟ್ಟಿದ ನಾಯಿ ಹನ್ನೆರಡರ ಹೊತ್ತಿಗೆ ನಡು ಬಿಸಿಲಿನಲ್ಲಿರುತ್ತದೆ, ಏಕೆಂದರೆ ನೆರಳು ಸರಿಯುತ್ತದೆ, ಸರಪಳಿ ಸರಿಯುವುದಿಲ್ಲ. ತಗಡಿನ ಅಥವಾ ಸಿಮೆಂಟ್ ಶೀಟಿನ ಗೂಡು ನೆರಳು ಕೊಟ್ಟರೂ ಒಲೆಯಂತೆ ಕಾಯುತ್ತದೆ. ಮಹಡಿಯ ಮೇಲೆ ನಾಯಿಯನ್ನು ಬಿಡುವ ಪದ್ಧತಿಯನ್ನು ಈ ತಿಂಗಳುಗಳಲ್ಲಿ ಕೈಬಿಡಲೇಬೇಕು.

ಬಾಯಿಕುಕ್ಕೆಯ ವಿಷಯವನ್ನು ಅನೇಕರು ಯೋಚಿಸಿಯೇ ಇರುವುದಿಲ್ಲ. ಮೂತಿಯನ್ನು ಬಿಗಿಯಾಗಿ ಸುತ್ತುವ ಬಟ್ಟೆಯ ಪಟ್ಟಿ ಕಚ್ಚುವುದನ್ನು ತಡೆಯುವಾಗ ಏದುಸಿರನ್ನೂ ತಡೆಯುತ್ತದೆ. ಇದ್ದ ಒಂದು ಬಾಗಿಲಿಗೂ ಚಿಲಕ ಹಾಕಿದ ಹಾಗೆ. ಅಗತ್ಯವಿದ್ದರೆ ಒಳಗೆ ಬಾಯಿ ಪೂರ್ತಿ ತೆರೆಯಲು ಜಾಗವಿರುವ ಬುಟ್ಟಿಯಾಕಾರದ ಕುಕ್ಕೆಯನ್ನೇ ಬಳಸಬೇಕು.

ಇನ್ನು ಕಾರು. ಗಾಜಿನೊಳಗೆ ಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ, ಆ ಶಾಖ ಹೊರಗೆ ಹೋಗಲಾರದೆ ಒಳಗೇ ಸೇರುತ್ತದೆ. ನಿಲ್ಲಿಸಿದ ಕಾರಿನೊಳಗಿನ ಉಷ್ಣಾಂಶ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ, ಅರ್ಧ ಗಂಟೆಯಲ್ಲಿ ಸುಮಾರು 19 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. 'ಐದು ನಿಮಿಷದಲ್ಲಿ ಬಂದುಬಿಡುತ್ತೇನೆ' ಎಂದು ಇಳಿದು ಹೋಗುವುದೇ ಬೇಡ.

ನೀರು, ಊಟ ಮತ್ತು 'ತಂಪು' ಪದಾರ್ಥಗಳು

ನಾಯಿಗೆ ಸಾಮಾನ್ಯವಾಗಿ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 50ರಿಂದ 60 ಮಿಲಿಲೀಟರ್ ನೀರು ಬೇಕು; 20 ಕಿಲೋ ತೂಗುವ ನಾಯಿಗೆ ಒಂದು ಲೀಟರಿಗೂ ಮಿಗಿಲು. ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚುತ್ತದೆ. ಬಿಸಿಲಿಗೆ ಸಿಕ್ಕಿದ ಸ್ಟೀಲ್ ಬಟ್ಟಲಿನ ನೀರು ಕುಡಿಯಲಾಗದಷ್ಟು ಬಿಸಿಯಾಗುವುದರಿಂದ, ಅಗಲ ಬಾಯಿಯ ಮಣ್ಣಿನ ಪಾತ್ರೆಯನ್ನು ನೆರಳಿನಲ್ಲಿ, ಒಂದಲ್ಲ ಎರಡು ಮೂರು ಕಡೆ ಇಡುವುದು ಒಳ್ಳೆಯದು.

ಮೊಸರನ್ನ, ಮಜ್ಜಿಗೆ ಮೈಗೆ ತಂಪು ಎಂಬುದು ನಮ್ಮ ಮನೆಮಾತು. ಅವುಗಳಲ್ಲಿರುವ ನೀರಿನಂಶದಿಂದ ನಾಯಿಗೂ ಉಪಯೋಗವಾಗುತ್ತದೆ, ಆದರೆ ಏರಿದ ದೇಹೋಷ್ಣವನ್ನು ಅವು ಇಳಿಸುವುದಿಲ್ಲ. ಕೊಡುವುದಾದರೆ ಉಪ್ಪು, ಒಗ್ಗರಣೆ ಇಲ್ಲದೆ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೂ ಬೆಕ್ಕಿಗೂ ವಿಷಕಾರಿ, ರಕ್ತಕಣಗಳನ್ನು ಒಡೆಯುತ್ತವೆ. ಬೀಜ ತೆಗೆದ ಕಲ್ಲಂಗಡಿ ಆಗಬಹುದು, ದ್ರಾಕ್ಷಿ ಕೂಡದು, ಏಕೆಂದರೆ ಅದು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಊಟ ಜೀರ್ಣವಾಗುವಾಗಲೂ ಮೈಯಲ್ಲಿ ಶಾಖ ಹುಟ್ಟುವುದರಿಂದ ಮುಖ್ಯ ಊಟವನ್ನು ಬೆಳಗಿನ ಮತ್ತು ಇಳಿಸಂಜೆಯ ಹೊತ್ತಿಗೆ ಇಟ್ಟುಕೊಳ್ಳಬೇಕು.

ಜ್ವರವಲ್ಲ, ಹೀಟ್ ಸ್ಟ್ರೋಕ್

ಒಳಗೆ ಸೇರುವ ಶಾಖ ಹೊರಹೋಗುವ ಶಾಖವನ್ನು ಮೀರಿ, ದೇಹೋಷ್ಣ 41 ಡಿಗ್ರಿಯ ಆಸುಪಾಸಿಗೆ ಏರಿ, ಅಂಗಾಂಗಗಳು ಕೆಡಲು ಶುರುವಾಗುವ ಸ್ಥಿತಿಯೇ ಹೀಟ್ ಸ್ಟ್ರೋಕ್. ಇದಕ್ಕೂ ಜ್ವರಕ್ಕೂ ಇರುವ ವ್ಯತ್ಯಾಸವನ್ನು ಗೀಸರಿನ ಹೋಲಿಕೆಯಿಂದ ತಿಳಿಯಬಹುದು. ಜ್ವರದಲ್ಲಿ ಮೆದುಳೇ ಉಷ್ಣಾಂಶದ ಗುಬ್ಬಿಯನ್ನು ಮೇಲಕ್ಕೆ ತಿರುಗಿಸಿರುತ್ತದೆ. ಜ್ವರದ ಮಾತ್ರೆ ಆ ಗುಬ್ಬಿಯನ್ನು ಕೆಳಕ್ಕೆ ತರುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಗುಬ್ಬಿ ಸರಿಯಾಗಿಯೇ ಇದೆ, ಬಿಸಿಗೆ ಹೊರಹೋಗಲು ದಾರಿಯಿಲ್ಲ. ಆದ್ದರಿಂದ ಪ್ಯಾರಾಸಿಟಮಾಲ್ ಇಲ್ಲಿ ನಿಷ್ಪ್ರಯೋಜಕ. ಅಷ್ಟೇ ಅಲ್ಲ, ನಾವು ನುಂಗುವ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ನೆರಳಿನಲ್ಲಿ ಹತ್ತು ನಿಮಿಷ ಕೂತರೂ ತಗ್ಗದ ಏದುಸಿರು, ಉದ್ದಕ್ಕೆ ಜೋತು ತುದಿ ಅಗಲವಾದ ನಾಲಿಗೆ, ಅಂಟಂಟಾದ ದಪ್ಪ ಜೊಲ್ಲು ಮೊದಲ ಸೂಚನೆಗಳು. ತುಟಿ ಎತ್ತಿ ಒಸಡನ್ನು ನೋಡಬೇಕು. ಆರೋಗ್ಯವಂತ ನಾಯಿಯ ಒಸಡು ತೇವವಾಗಿ, ನಸುಗೆಂಪಾಗಿ ಇರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಬಿಸಿಯೇರಿದಾಗ ಒಸಡು ಇಟ್ಟಿಗೆಯಂತೆ ಕೆಂಪಾಗಿ, ಮುಟ್ಟಿದರೆ ಒಣಗಿ ಅಂಟುತ್ತದೆ. ಸ್ಥಿತಿ ಕೈಮೀರುತ್ತ ಬಂದಂತೆ ಬಿಳಿಚುತ್ತದೆ ಅಥವಾ ನೀಲಿಯಾಗುತ್ತದೆ. ಕಾಲು ತಡವರಿಸುವುದು, ಕರೆದರೆ ತಿರುಗಿ ನೋಡದಿರುವುದು, ವಾಂತಿ, ರಕ್ತ ಬೆರೆತ ಭೇದಿ, ಸೆಳವು ಇವೆಲ್ಲ ಗಂಭೀರ ಘಟ್ಟದ ಲಕ್ಷಣಗಳು.

ಮೊದಲ ಕೆಲವು ನಿಮಿಷಗಳಲ್ಲಿ ಮಾಡಬೇಕಾದದ್ದು

ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದೇ ಇಲ್ಲಿನ ನಿಯಮ. ಬೆಂಗಳೂರಿನ ದಟ್ಟಣೆಯಲ್ಲಿ ಆಸ್ಪತ್ರೆ ಮುಟ್ಟಲು ನಲವತ್ತು ನಿಮಿಷ ಹಿಡಿದರೆ, ಆ ನಲವತ್ತು ನಿಮಿಷವೂ ಒಳಗಿನ ಅಂಗಗಳು ಬೇಯುತ್ತಲೇ ಇರುತ್ತವೆ. ಬ್ರಿಟನ್ನಿನ ಇಂಥದೇ ದಾಖಲೆಗಳಲ್ಲಿಯೂ ಸುಮಾರು ಐದನೇ ಒಂದು ಭಾಗದ ನಾಯಿಗಳನ್ನು ಮಾತ್ರ ಆಸ್ಪತ್ರೆಗೆ ತರುವ ಮುನ್ನ ತಣಿಸಲಾಗಿತ್ತು.

ನಾಯಿಯನ್ನು ನೆರಳಿಗೆ ತಂದು, ಮೈಮೇಲೆ ನೀರು ಸುರಿಯಬೇಕು. ಕೂದಲಿನ ಮೇಲಷ್ಟೇ ಹರಿದುಹೋಗದಂತೆ, ಬೆರಳುಗಳಿಂದ ಕೂದಲು ಬಿಡಿಸಿ ಚರ್ಮಕ್ಕೆ ನೀರು ಮುಟ್ಟಿಸಬೇಕು. ಕೂಡಲೇ ಫ್ಯಾನ್ ಹಾಕಬೇಕು, ಇಲ್ಲದಿದ್ದರೆ ರಟ್ಟಿನಿಂದಲೋ ಮೊರದಿಂದಲೋ ಬೀಸಬೇಕು. ಮಂಜುಗಡ್ಡೆಯ ನೀರೇ ಬೇಕೆಂದಿಲ್ಲ, ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ. ಆದರೆ ಒಂದು ಎಚ್ಚರಿಕೆ: ಏಪ್ರಿಲ್ ಮಧ್ಯಾಹ್ನ ಮಹಡಿಯ ಕಪ್ಪು ಟ್ಯಾಂಕಿನಿಂದ ಇಳಿದು ಬರುವ ನಲ್ಲಿ ನೀರು ನಾಯಿಯ ಮೈಗಿಂತಲೂ ಬಿಸಿಯಿರಬಹುದು. ಕೈಯಿಟ್ಟು ನೋಡಿ, ಬಿಸಿಯಿದ್ದರೆ ಸಂಪಿನಿಂದಲೋ ಅಡುಗೆಮನೆಯ ಬಿಂದಿಗೆಯಿಂದಲೋ ನೀರು ತರಬೇಕು. ಒದ್ದೆ ಟವೆಲ್ ಹೊದಿಸುವ ರೂಢಿ ತಪ್ಪು. ಮೈಮೇಲೆ ಬಿಟ್ಟ ಟವೆಲ್ ಕ್ಷಣಗಳಲ್ಲಿ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ, ಆವಿ ಏಳದಂತೆ ತಡೆಯುತ್ತದೆ. ಎಚ್ಚರವಿರುವ ನಾಯಿ ತಾನಾಗಿ ಕುಡಿದರೆ ಕುಡಿಯಲಿ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ ತುದಿಗೆ ತುಸು ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ನೋಡಬಹುದು, 39.5 ಡಿಗ್ರಿಗೆ, ಅಂದರೆ ಸುಮಾರು 103 ಫ್ಯಾರನ್‌ಹೀಟಿಗೆ ಇಳಿದ ಕೂಡಲೇ ನೀರು ಹಾಕುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಉಷ್ಣಾಂಶ ಬೇಕಾದ್ದಕ್ಕಿಂತ ಕೆಳಗೆ ಜಾರುತ್ತದೆ. ಆಮೇಲೆ ಎಸಿ ಹಾಕಿದ ಅಥವಾ ಕಿಟಕಿ ಪೂರ್ತಿ ತೆರೆದ ವಾಹನದಲ್ಲಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ಹೋಗಲೇಬೇಕು. ಬಿಸಿಯಿಂದ ಕರುಳಿನ ಒಳಪೊರೆ ಹಾಳಾಗಿ ಅಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡಬಹುದು, ಮೂತ್ರಪಿಂಡ ಸೋಲಬಹುದು. ಇವು ಒಂದರಿಂದ ಮೂರು ದಿನಗಳ ನಂತರವೂ ತಲೆದೋರುತ್ತವೆ.

ಬೆಕ್ಕು, ಮೊಲ, ಹಕ್ಕಿ, ಮೀನು

ಬೆಕ್ಕು ಮೈಯನ್ನು ನೆಕ್ಕಿ, ಜೊಲ್ಲನ್ನು ಆವಿ ಮಾಡಿ ತಣಿಯುತ್ತದೆ. ನಾಯಿಯಂತೆ ಬಾಯಿ ತೆರೆದು ತೇಕುವುದು ಬೆಕ್ಕಿಗೆ ಸಹಜವಲ್ಲ. ಹಾಗೆ ಮಾಡುತ್ತಿದ್ದರೆ ತಡಮಾಡದೆ ತಣಿಸಿ ವೈದ್ಯರಿಗೆ ತೋರಿಸಬೇಕು. ಮೊಲ ತನ್ನ ಉದ್ದ ಕಿವಿಯ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ. ಕಿವಿಯನ್ನು ಒದ್ದೆ ಬೆರಳಿನಿಂದ ಸವರುವುದು, ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನಲ್ಲಿಡುವುದು ಅದಕ್ಕೆ ದೊಡ್ಡ ಉಪಕಾರ.

ಹಕ್ಕಿಗಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಕೂತ ಬಜರಿಗರ್ ಅಥವಾ ಲವ್ ಬರ್ಡ್‌ಗೆ ಬಿಸಿಯಾಗಿದೆ ಎಂದರ್ಥ. ಪಂಜರವನ್ನು ಬಾಲ್ಕನಿಯಿಂದ ಒಳಗೆ ತರಬೇಕು, ಸ್ನಾನಕ್ಕೆ ತಟ್ಟೆಯಲ್ಲಿ ನೀರಿಡಬೇಕು. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ ಇಲ್ಲಿ ಅವುಗಳ ಮಾತಿಲ್ಲ.

ಮೀನಿನ ತೊಟ್ಟಿಯಲ್ಲಿ ಅಪಾಯ ಬರುವುದು ಕಾಣದ ದಾರಿಯಿಂದ. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಡುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಗಾಳಿ ಪಂಪನ್ನು ಜೋರು ಮಾಡಬೇಕು, ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಬೇಕು. ಒಮ್ಮೆಗೇ ಮಂಜುಗಡ್ಡೆ ಹಾಕಿದರೆ ಉಷ್ಣಾಂಶದ ದಿಢೀರ್ ಕುಸಿತವೇ ಅವನ್ನು ಕೊಲ್ಲಬಹುದು.

ಮೊದಲ ಮಳೆ ಬಿದ್ದ ಮೇಲೆ

ಮೇ ತಿಂಗಳ ಗುಡುಗು ಮಳೆ ಅರ್ಧ ಗಂಟೆ ಸುರಿದು ನಿಂತ ಕೂಡಲೇ ಬೇಸಿಗೆ ಮುಗಿಯಿತೆಂಬ ಭಾವನೆ ಬರುತ್ತದೆ. ಉಷ್ಣಾಂಶ ನಾಲ್ಕೈದು ಡಿಗ್ರಿ ಇಳಿದಿರುತ್ತದೆ ನಿಜ, ಆದರೆ ಕಾದ ನೆಲದಿಂದ ಎದ್ದ ಆವಿ ಗಾಳಿಯಲ್ಲೇ ನಿಂತು ಧಗೆ ಸೆಕೆಯಾಗಿ ಬದಲಾಗಿರುತ್ತದೆ. ವಾರಗಟ್ಟಲೆ ಒಳಗೇ ಇದ್ದ ನಾಯಿ ಹುರುಪಿನಿಂದ ಎಳೆಯುತ್ತದೆ, ನಾವೂ ಎರಡು ಸುತ್ತು ಹೆಚ್ಚು ನಡೆಸುತ್ತೇವೆ. ಅಂಥ ಸಂಜೆ ಮನೆಗೆ ಮರಳಿದ ಮೇಲೆ ನಾಯಿಯ ಪಕ್ಕೆಯನ್ನು ನೋಡುತ್ತ ಹದಿನೈದು ಸೆಕೆಂಡಿನಲ್ಲಿ ಅದು ಎಷ್ಟು ಬಾರಿ ಏರಿಳಿಯಿತೆಂದು ಎಣಿಸಿ, ನಾಲ್ಕರಿಂದ ಗುಣಿಸಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿದಾಗ ಸಂಖ್ಯೆ ಇಳಿದಿರಬೇಕು. ಇಳಿಯದಿದ್ದರೆ ಹೊಟ್ಟೆ, ಪಾದಗಳನ್ನು ಒದ್ದೆ ಮಾಡಿ ಫ್ಯಾನಿನ ಗಾಳಿಗೆ ಮಲಗಿಸಬೇಕು, ಒಸಡಿನ ಬಣ್ಣವನ್ನು ನೋಡಬೇಕು.